ಕಾಟ್ಲಾ ಮೀನಿನ ಕಿವಿರಿನಲ್ಲಿ ಕಂಡದ್ದು

ಗೋಣಿಚೀಲದಿಂದ ಮೀನುಗಳನ್ನು ಮೇಜಿನ ಮೇಲೆ ಸುರಿದ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಹೋಗುವಂತಿರಲಿಲ್ಲ, ಆ ಮೇಜು ನನ್ನದು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯ ಆರಂಭ. ಕಡೂರಿನ ಹೊರಗೆ, ಒಂದು ಕೆರೆಯ ಏರಿಯ ಕೆಳಗಿದ್ದ ಮೀನುಮರಿ ಕೇಂದ್ರದಲ್ಲಿ ನಾನು ಪ್ರಯೋಗಾಲಯ ಸಹಾಯಕಿ. ಪ್ರಯೋಗಾಲಯವೆಂದರೆ ತಗಡಿನ ಮಾಡಿನ ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಗಾಜಿನ ಸಾಮಾನು ತುಂಬಿದ ಒಂದು ಬೀರು. ಕರೆಂಟು ಇದ್ದಾಗ ದೀಪದಲ್ಲಿ, ಇಲ್ಲದಾಗ ಕಿಟಕಿಯ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕೆಲಸ.

ಮೀನು ತಂದವರು ಸಿಂಗಟಗೆರೆಯಿಂದ ಇನ್ನೂ ಒಳಗಿರುವ ಒಂದು ಹಳ್ಳಿಯ ಮೀನುಗಾರರ ಸಂಘದ ಅಧ್ಯಕ್ಷರು. ಆ ಹಳ್ಳಿಯ ಹೆಸರು ಬೇಡ. ಅಲ್ಲಿನವರು ಈಗಲೂ ಇದ್ದಾರೆ. ಹಿಂದಿನ ಮಳೆಗಾಲದಲ್ಲಿ ನಮ್ಮ ಕೇಂದ್ರದಿಂದಲೇ ಮರಿಗಳನ್ನು ಒಯ್ದು ಊರ ಕೆರೆಗೆ ಬಿಟ್ಟಿದ್ದರು. ಮೀನು ಚೆನ್ನಾಗಿ ಬೆಳೆದಿತ್ತು. ಈಗ ದಿನಾ ಬೆಳಗ್ಗೆ ಏರಿಯ ಕಲ್ಲುಗಳ ಸಂದಿಯಲ್ಲಿ ಸತ್ತು ತೇಲುತ್ತಿವೆ ಎಂದರು. ಕಾರಣವನ್ನೂ ಅವರೇ ಹೇಳಿದರು. ಕೆರೆಯ ಒಂದು ಮೂಲೆಯಲ್ಲಿ ಕಡೂರಿನ ಒಬ್ಬ ಸಾಬರು ತೆಂಗಿನ ಸಿಪ್ಪೆ ನೆನೆಹಾಕಿ ನಾರು ತೆಗೆಸುತ್ತಾರೆ. ಸಿಪ್ಪೆ ಕೊಳೆತು ನೀರು ಕಪ್ಪಾಗಿದೆ. ಅದನ್ನು ಕುಡಿದು ಮೀನು ಸಾಯುತ್ತಿವೆ.

"ಪರೀಕ್ಷೆ ಮಾಡಿ ಬರ್ಕೊಟ್ರೆ ಸಾಕು ಮೇಡಂ. ಕಾರಣ ನಮಗೆ ಗೊತ್ತೈತೆ" ಎಂದರು.

ನಾನು ಒಂದು ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿದೆ. ಒಳಗೆ ಬೂದು ಬಣ್ಣದ ಲೋಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಕೊಳೆತ ಮೀನು ಏನನ್ನೂ ಹೇಳುವುದಿಲ್ಲ. ಮೈಮೇಲೆ ಹತ್ತಿಕೊಂಡಿರುವ ಪರಾವಲಂಬಿಗಳು ಮೀನು ಸತ್ತ ಕೂಡಲೇ ಅದನ್ನು ಬಿಟ್ಟು ಹೋಗುತ್ತವೆ, ಒಳಗಿರುವವು ಕೊಳೆತದ್ದರ ಜೊತೆ ಕರಗಿಹೋಗುತ್ತವೆ. ಇನ್ನೂ ಉಸಿರಾಡುತ್ತಿರುವ, ಸಾಯಲಿರುವ ಮೀನು ಬೇಕು ಎಂದೆ. ಅವರಿಗೆ ಅದು ಸಬೂಬಿನಂತೆ ಕೇಳಿಸಿತು. ಮೀನು ಹೊತ್ತು ತಂದದ್ದು ದಂಡವಾಯಿತಲ್ಲ ಎಂದು ಗೊಣಗಿಕೊಂಡೇ ಅಧೀಕ್ಷಕರ ಕೋಣೆಗೆ ಹೋದರು.

ನಮ್ಮ ಅಧೀಕ್ಷಕರು ಕೆಟ್ಟವರಲ್ಲ. ಹಾರ್ಮೋನು ಚುಚ್ಚಿ ಮೀನಿನಿಂದ ಮೊಟ್ಟೆ ಇಡಿಸುವ ಕೆಲಸ ಈ ಕಡೆ ಹೊಸದಾಗಿದ್ದಾಗ, ಮಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಆ ಕೇಂದ್ರವನ್ನು ಕಟ್ಟಿದವರು. ಸಿಪ್ಪೆ ನೆನೆಸಿದರೆ ನೀರು ಕೆಡುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೆ ಇಷ್ಟು ಎಳೆದಾಟ ಯಾಕೆ ಎಂದು ನನ್ನನ್ನು ಕೇಳಿದರು. ಒಮ್ಮೆ ಕೆರೆ ನೋಡಿ ಬಂದೇ ಬರೆಯುತ್ತೇನೆ ಎಂದೆ. ಹೋಗಿ ಬನ್ನಿ ಎಂದರು.

ಸಂಜೆಯ ಬಸ್ಸಿನಲ್ಲಿ ಹೋಗಿ ಹಳ್ಳಿಯ ಶಾಲೆಯ ಮೇಷ್ಟರ ಮನೆಯಲ್ಲಿ ಉಳಿದೆ. ಅವರದೂ ನಮ್ಮ ಹಾಗೆ ಲಿಂಗ ಕಟ್ಟಿದ ಮನೆ. ನನ್ನ ಸಾಮಾನಿನ ಪೆಟ್ಟಿಗೆಯನ್ನು ಕೇಳದೆಯೇ ಜಗಲಿಯಲ್ಲಿಟ್ಟೆ. ಅಜ್ಜಂಪುರದ ನನ್ನ ಮನೆಯಲ್ಲೂ ಅದೇ ಪದ್ಧತಿ. ನಾನು ಹಿತ್ತಿಲ ಬಾಗಿಲಿನಿಂದ ಬಂದು ಬಚ್ಚಲಿಗೆ ಹೋಗಿ, ನೀರು ಹಾಕಿಕೊಂಡು ಬರುವವರೆಗೆ ಅಮ್ಮ ಮಾತೇ ಆಡಿಸುತ್ತಿರಲಿಲ್ಲ.

ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವುದು ಸೂರ್ಯ ಮೂಡುವ ಮೊದಲು. ಆ ಹೊತ್ತಿಗೆ ಸಂಘದ ಹರಿಗೋಲು ಹತ್ತಿದೆ. ಗಾಳಿಯ ಗುಳ್ಳೆ ಸೇರದಂತೆ ಬಾಟಲಿಗಳಲ್ಲಿ ನೀರು ತುಂಬಿ, ಎರಡು ರಾಸಾಯನಿಕಗಳ ಕೆಲವು ಹನಿ ಬಿಟ್ಟು ಬಿರಡೆ ಹಾಕಿ ಅಲುಗಿಸಬೇಕು. ತಳದಲ್ಲಿ ಕಂದು ಬಣ್ಣದ ಗಷ್ಟು ಕೂತರೆ ಆಮ್ಲಜನಕ ಇದೆ, ಬಿಳಿ ಕೂತರೆ ಇಲ್ಲ. ಎಷ್ಟಿದೆ ಎಂದು ಅಳೆಯುವ ಕೆಲಸ ಆಮೇಲಿನದು, ಇದೆಯೋ ಇಲ್ಲವೋ ಎಂಬುದು ಅಲ್ಲೇ ಕಾಣುತ್ತದೆ. ಸಿಪ್ಪೆಯ ಮೂಲೆಯ ನೀರಿನಲ್ಲಿ ಬಿಳಿ ಕೂತಿತು. ಅಲ್ಲಿಂದ ಒಂದು ಕಲ್ಲೆಸೆತದಷ್ಟು ದೂರ ಬಂದರೆ ಕಂದು. ಕೆರೆಯ ನಡುವೆ ಕಂದು. ಮೀನು ಸಾಯುತ್ತಿದ್ದ ಏರಿಯ ಬಳಿಯಲ್ಲೂ ದಟ್ಟ ಕಂದು.

ಆದರೂ ಏರಿಯ ಬಳಿ ಮೀನುಗಳು ನೀರಿನ ಮೇಲಕ್ಕೆ ಬಾಯಿ ಚಾಚಿ ಗಾಳಿಗೆ ಒದ್ದಾಡುತ್ತಿದ್ದವು. ಆಮ್ಲಜನಕ ಇರುವ ನೀರಿನಲ್ಲಿ ಮೀನಿಗೆ ಉಸಿರು ಕಟ್ಟುತ್ತಿದೆ. ಇನ್ನೊಂದನ್ನೂ ಗಮನಿಸಿದೆ. ಒದ್ದಾಡುತ್ತಿದ್ದವೆಲ್ಲ ಕಾಟ್ಲಾ, ದೊಡ್ಡ ತಲೆಯ ಮೀನು. ಅದೇ ದಿನ ಬಿಟ್ಟಿದ್ದ ರೋಹು, ಮೃಗಾಲ್ ಬಲೆಗೆ ಸಿಕ್ಕವು, ಚುರುಕಾಗಿದ್ದವು. ಕೊರವ ಮೀನೂ ಚೆನ್ನಾಗಿತ್ತು. ಆದರೆ ಕೊರವ ಮೇಲೆ ಬಂದು ಗಾಳಿ ಕುಡಿಯುವ ಜಾತಿ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರೋಹುವನ್ನು ತೆಗೆದುಕೊಳ್ಳಲೇಬೇಕಾಗಿತ್ತು. ನೀರು ವಿಷವಾಗಿದ್ದರೆ ಅದು ಜಾತಿ ನೋಡಿ ಕೊಲ್ಲುವುದಿಲ್ಲ.

ಹರಿಗೋಲು ದಡ ಮುಟ್ಟಿದಾಗ ಸಾಬರು ಕಾಯುತ್ತಾ ನಿಂತಿದ್ದರು. ನಡುವಯಸ್ಸಿನ ಸಣ್ಣ ಆಳು, ಅಂಗೈ ತುಂಬ ನಾರು ಹೊಸೆದ ದಡ್ಡು. ಹಿಂದೆ ಒಂದಿಷ್ಟು ಹೆಂಗಸರು ನೆನೆದ ಸಿಪ್ಪೆಯನ್ನು ಮರದ ಕೊಡತಿಯಿಂದ ಬಡಿಯುತ್ತಿದ್ದರು, ಅದೇ ಊರಿನವರು. ನೀರಿನಲ್ಲಿ ಏನು ಬಂತು ಎಂದು ಸಾಬರು ಕೇಳಿದರು. ಸುಳ್ಳು ಹೇಳುವ ಅಗತ್ಯವಿರಲಿಲ್ಲ. ನಿಮ್ಮ ಮೂಲೆಯ ನೀರು ಕೆಟ್ಟಿದೆ ಎಂದೆ.

"ಕೆಟ್ಟೈತೆ ಅನ್ನೋದು ನಂಗೂ ಗೊತ್ತಮ್ಮ, ಮೂಗೈತಲ್ಲ" ಎಂದರು. "ಆದ್ರೆ ನಮ್ಮಪ್ಪನ ಕಾಲದಿಂದ ಇಲ್ಲೇ ನೆನೆಹಾಕ್ತಾ ಇದೀವಿ. ಯಾವತ್ತೂ ಸಾಯ್ದಿರೋ ಮೀನು ಈ ವರ್ಷ ಯಾಕೆ ಸಾಯ್ತವೆ? ಅದೊಂದು ಹೇಳಿ."

ಗೊತ್ತಿಲ್ಲ, ಹುಡುಕುತ್ತೇನೆ ಎಂದೆ.

ಒದ್ದಾಡುತ್ತಿದ್ದ ಒಂದು ಕಾಟ್ಲಾವನ್ನು ಹಾಲಿನ ಕ್ಯಾನಿನಲ್ಲಿ ಕೆರೆಯ ನೀರಿನ ಜೊತೆ ಹಾಕಿಕೊಂಡು ಬಸ್ಸಿಗೆ ಹೊರಟೆ. ಕಂಡಕ್ಟರು ಕ್ಯಾನು ಹತ್ತಿಸಲು ಒಪ್ಪಲಿಲ್ಲ. ಅವರೊಂದಿಗೆ ವಾದಿಸುತ್ತಿರುವಾಗಲೇ ಬಸ್ಸು ಹೊರಟಿತು. ಮುಂದಿನ ಬಸ್ಸು ಬರುವಷ್ಟರಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿತ್ತು. ಇನ್ನು ಕಾಯುವಂತಿರಲಿಲ್ಲ. ಶಾಲೆಯ ಹಿಂದಿನ ಜಗಲಿಗೆ ವಾಪಸು ಹೋಗಿ ಅಲ್ಲೇ ಕೊಯ್ದೆ. ಮೈಯ ಲೋಳೆಯನ್ನು ಗಾಜಿನ ಪಟ್ಟಿಗಳ ಮೇಲೆ ಸವರಿಕೊಂಡೆ. ಎರಡೂ ಕಡೆಯ ಕಿವಿರುಗಳನ್ನು ಕತ್ತರಿಸಿ ಉಪ್ಪುನೀರಿನ ಸೀಸೆಗೆ ಹಾಕಿದೆ. ಹಾಗೆ ಹಾಕುವಾಗ ಬರಿಗಣ್ಣಿಗೇ ಕಂಡಿತು, ಕೆಂಪು ಕಿವಿರಿನ ಎಳೆಗಳ ನಡುವೆ ಅಕ್ಕಿಯ ನುಚ್ಚು ಚೆಲ್ಲಿದಂತೆ ಬಿಳಿ ಗಂಟುಗಳು.

ಕಡೂರಿಗೆ ಬಂದು ಮೊದಲು ಲೋಳೆಯನ್ನು ನೋಡಿದೆ. ತಟ್ಟೆಯ ಹಾಗೆ ಗುಂಡಗಿರುವ, ಸುತ್ತ ರೋಮವಿರುವ ಸೂಕ್ಷ್ಮ ಜೀವಿಗಳು ಅಲ್ಲೊಂದು ಇಲ್ಲೊಂದು ಕಂಡವು. ಕಿವಿರಿನ ತುದಿಯಲ್ಲಿ ಕೊಕ್ಕೆ ಹಾಕಿ ಹಿಡಿದಿರುವ ಒಂದೆರಡು ಹುಳುಗಳೂ ಇದ್ದವು. ಇವು ಯಾವ ಕೆರೆಯ ಮೀನಿನಲ್ಲೂ ಸಿಗುತ್ತವೆ. ಇವುಗಳ ಹೆಸರು ಬರೆದು ಕೈತೊಳೆದುಕೊಂಡಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಇಷ್ಟು ಕಡಿಮೆ ಸಂಖ್ಯೆಯವು ಅಷ್ಟು ದೊಡ್ಡ ಮೀನನ್ನು ಕೊಲ್ಲಲಾರವು.

ಬಿಳಿ ಗಂಟು ಬೇರೆ ಕಥೆ. ಮೊದಲು ಅದು ಯಾವುದೋ ಚಪ್ಪಟೆ ಹುಳುವಿನ ಮರಿ ಕವಚ ಕಟ್ಟಿಕೊಂಡು ಕೂತಿರುವುದು ಎಂದುಕೊಂಡೆ. ಹಾಗಿದ್ದರೆ ಸೂಜಿಯಿಂದ ಕವಚ ಸೀಳಿದಾಗ ಮರಿ ಹೊರಬಂದು ಹೊರಳಾಡಬೇಕು. ಸೀಳಿದೆ. ಹಾಲಿನಂಥ ದ್ರವ ಬಂತು, ಹುಳು ಬರಲಿಲ್ಲ. ಒಂದು ಹನಿಯನ್ನು ದೊಡ್ಡದು ಮಾಡಿ ನೋಡಿದರೆ ಕಣ್ಣಿಗೆ ಬಿದ್ದಷ್ಟೂ ಒಂದೇ ಅಚ್ಚಿನ, ಮೊಟ್ಟೆಯಾಕಾರದ ಕಣಗಳು. ಒಂದೂ ಅಲುಗಾಡುತ್ತಿಲ್ಲ. ಕೊಬ್ಬಿನ ಹನಿಯೋ, ಬೂಷ್ಟಿನ ಬೀಜವೋ ಎಂಬ ಅನುಮಾನ ಬಂತು. ಗಮನವಿಟ್ಟು ನೋಡಿದಾಗ ಪ್ರತಿ ಕಣದ ಚೂಪು ತುದಿಯಲ್ಲಿ ಸೋರೆಬುರುಡೆಯಂಥ ಎರಡು ಪುಟ್ಟ ಚೀಲಗಳು ಪಕ್ಕಪಕ್ಕ ಇದ್ದವು.

ಪುಸ್ತಕದಲ್ಲಿ ಇದರ ಚಿತ್ರವಿತ್ತು. ಚಿತ್ರದ ಹಾಗಿದೆ ಎಂದ ಮಾತ್ರಕ್ಕೆ ಅದೇ ಎಂದು ಬರೆಯಲು ಬರುವುದಿಲ್ಲ. ಆ ಚೀಲಗಳೊಳಗೆ ಸುರುಳಿ ಸುತ್ತಿದ ದಾರ ಇರಬೇಕು, ಕೆರಳಿಸಿದರೆ ಅದು ಹೊರಗೆ ಚಿಮ್ಮಬೇಕು. ಗಾಜಿನ ಮುಚ್ಚಳದ ಒಂದು ಅಂಚಿಗೆ ತೆಳುವಾದ ಪೊಟ್ಯಾಷ್ ದ್ರಾವಣದ ಹನಿ ಬಿಟ್ಟು, ಇನ್ನೊಂದು ಅಂಚಿಗೆ ಒತ್ತುಕಾಗದ ಹಿಡಿದು ದ್ರಾವಣವನ್ನು ಒಳಕ್ಕೆ ಎಳೆದುಕೊಂಡೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ದ್ರಾವಣ ಹೆಚ್ಚಾಗಿ ಕಣಗಳೆಲ್ಲ ತೇಲಿಹೋದವು. ಆಮೇಲಿನ ಪಟ್ಟಿಯಲ್ಲಿ, ನೋಡುತ್ತಿದ್ದಂತೆಯೇ ಒಂದು ಕಣದಿಂದ ಎರಡು ದಾರಗಳು ಚಿಮ್ಮಿದವು, ಪಕ್ಕದ್ದರಿಂದಲೂ ಚಿಮ್ಮಿದವು. ಇನ್ನೊಂದು ಪಟ್ಟಿಗೆ ಅಯೋಡಿನ್ ಹಾಕಿದೆ. ಕಣದ ಅಗಲವಾದ ತುದಿಯಲ್ಲಿ ಕಂದು ಚುಕ್ಕೆಯೊಂದು ಎದ್ದು ಕಂಡಿತು. ಇನ್ನು ಅನುಮಾನವಿರಲಿಲ್ಲ. ಮಿಕ್ಸೋಬೋಲಸ್. ಆ ಕಣಗಳು ಅದರ ಬೀಜಾಣುಗಳು. ಕಿವಿರಿನ ಒಳಗೇ ಗಂಟು ಕಟ್ಟಿ, ರಕ್ತ ಹರಿಯುವ ಜಾಗವನ್ನೆಲ್ಲ ತುಂಬಿ, ಆಮ್ಲಜನಕವಿರುವ ನೀರಿನಲ್ಲೇ ಮೀನಿನ ಉಸಿರು ಕಟ್ಟಿಸುವ ಪರಾವಲಂಬಿ. ಕರಾವಳಿಯಲ್ಲಿದ್ದ ನನ್ನ ಗುರುಗಳಿಗೂ ಪಟ್ಟಿಗಳನ್ನು ಕಳಿಸಿದೆ, ಅವರೂ ಅದನ್ನೇ ಹೇಳಿದರು. ಇದಕ್ಕೆ ಔಷಧಿ ಇಲ್ಲ ಎಂಬುದನ್ನೂ ನೆನಪಿಸಿದರು. ಬೀಜಾಣು ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನೀರು ಖಾಲಿ ಮಾಡಿ, ಸುಣ್ಣ ಹಾಕಿ, ತಳ ಬಿರುಕು ಬಿಡುವವರೆಗೆ ಒಣಗಿಸುವುದೊಂದೇ ದಾರಿ.

ಕೆರೆಗೆ ಇದು ಬಂದದ್ದೆಲ್ಲಿಂದ? ಆ ಕೆರೆಗೆ ಕಾಟ್ಲಾ ಬಿಟ್ಟದ್ದು ಅದೇ ಮೊದಲು. ಮರಿ ನಮ್ಮವು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಮ್ಮ ಮರಿಕೊಳಗಳಿಗೆ ಕೈಬಲೆ ಹಾಕಿದೆ. ಮಳೆಗಾಲದಲ್ಲಿ ಹುಟ್ಟಿ, ಇನ್ನೂ ಯಾರೂ ಒಯ್ಯದೆ ಉಳಿದಿದ್ದ ಕಾಟ್ಲಾ ಮರಿಗಳು ಅಲ್ಲಿದ್ದವು. ಬೆರಳುದ್ದದ ಮೀನಿನ ಕಿವಿರಿನ ಮುಚ್ಚಳವನ್ನು ಚಿಮಟದಿಂದ ಎತ್ತಿದೆ. ಬಿಳಿ ಚುಕ್ಕೆ. ಇನ್ನೊಂದು ಹಿಡಿದೆ, ಅದರಲ್ಲೂ ಇತ್ತು. ಕೊನೆಯ ಕೊಳದ ಮರಿಗಳಲ್ಲಿ ಮಾತ್ರ ಇರಲಿಲ್ಲ, ಅದಕ್ಕೆ ಬಾವಿಯ ನೀರು. ಉಳಿದವಕ್ಕೆಲ್ಲ ತಾಯಿಮೀನುಗಳ ಕೊಳದಿಂದ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ತಾಯಿಮೀನುಗಳನ್ನು ಹಿಡಿಯಲು ಅಧೀಕ್ಷಕರ ಅಪ್ಪಣೆ ಬೇಕಾಗಿತ್ತು. ಆಗ ನಾನು ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಬಂದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ತಲೆ ಎತ್ತಿದಾಗ ಮುಖ ಬಿಳಿಚಿಕೊಂಡಿತ್ತು. ಆಗ ಅವರ ಮೇಲೆ ನನಗೆ ಕನಿಕರವೇ ಆಯಿತು. ಅದು ಅವರು ಕೈಯಾರೆ ಕಟ್ಟಿದ ಜಾಗ.

ಮಾರ್ಚಿ ಮುಗಿಯುವುದರೊಳಗೆ ಆ ಮರಿಗಳು ಅಜ್ಜಂಪುರ, ತರೀಕೆರೆ ಕಡೆಯ ಕೆರೆಗಳಿಗೆ ಹೋಗಬೇಕಾಗಿತ್ತು. ಹೋದರೆ ವರ್ಷದ ಗುರಿ ತಲುಪುತ್ತದೆ. ಹೋಗದಿದ್ದರೆ ಕೇಂದ್ರವನ್ನು ಮುಚ್ಚಬೇಕೆನ್ನುವವರು ಮೇಲೆ ಇದ್ದರು. ಕೊಳಗಳನ್ನು ಖಾಲಿ ಮಾಡಿ ಸುಣ್ಣ ಹಾಕೋಣ, ಈ ಸಲ ಮರಿ ಕಳಿಸುವುದು ಬೇಡ, ಬಾವಿ ನೀರಿನ ಕೊಳದವನ್ನು ಮಾತ್ರ ಕೊಡೋಣ ಎಂದು ಕೇಳಿಕೊಂಡೆ.

"ನಿಮ್ಮ ಬೀಜಾಣು ನಿಜ ಇರಬಹುದು ಕಣ್ರೀ" ಎಂದರು ಅವರು. "ಆ ನಿಜ ಇಟ್ಕೊಂಡು ನಾನೇನ್ ಮಾಡ್ಲಿ? ಇಲ್ಲಿ ಕೂಲಿ ಮಾಡೋರಿಗೆ ನಾಳೆಯಿಂದ ಬರಬೇಡಿ ಅಂತ ನೀವು ಹೇಳ್ತೀರಾ?"

ನಾನು ಬಿಳಿ ಗಂಟಿನ ವಿಷಯವನ್ನೂ ಬಾಟಲಿಗಳ ವಿಷಯವನ್ನೂ ಪೂರ್ತಿಯಾಗಿ ವರದಿ ಬರೆದುಕೊಟ್ಟೆ. ಅವರ ಕೋಣೆಯಿಂದ ಹಳ್ಳಿಗೆ ಹೋದ ವರದಿಯಲ್ಲಿ ಗಂಟು ಇರಲಿಲ್ಲ. ಸಿಪ್ಪೆಯ ಮೂಲೆಯಲ್ಲಿ ಆಮ್ಲಜನಕ ಇಲ್ಲ ಎಂಬ ನನ್ನ ಒಂದು ಸಾಲನ್ನು ಮಾತ್ರ ಉಳಿಸಿಕೊಂಡು, ಸಾವಿಗೆ ಅದೇ ಕಾರಣವಿರಬಹುದು ಎಂದು ಸೇರಿಸಿದ್ದರು. ಆ ಸಾಲು ಸುಳ್ಳಾಗಿರಲಿಲ್ಲ. ನಾನೇ ಅಳೆದು ಬರೆದದ್ದು. ಸುಳ್ಳನ್ನು ಹೊಸದಾಗಿ ಹುಟ್ಟಿಸುವ ಕಷ್ಟವನ್ನೂ ಅವರಿಗೆ ನಾನು ಕೊಟ್ಟಿರಲಿಲ್ಲ.

ಆ ಭಾನುವಾರ ಅಜ್ಜಂಪುರಕ್ಕೆ ಹೋದೆ. ಅಪ್ಪನದು ಕೊಬ್ಬರಿ ವ್ಯಾಪಾರ. ಮೀನಿನ ಮಾತು ಮನೆಯಲ್ಲಿ ಎತ್ತುವಂತಿರಲಿಲ್ಲ, ಆದರೆ ತೆಂಗಿನ ಸಿಪ್ಪೆಯ ಮಾತು ಎತ್ತಬಹುದಾಗಿತ್ತು. ಊರಿನ ಹೆಸರು ಕೇಳಿದ ಕೂಡಲೇ ಅಪ್ಪ, ಆ ಊರಿನ ಪಂಚಾಯ್ತಿ ಚೇರ್ಮನ್ನರ ಅಳಿಯ ಒಬ್ಬ ಕೊಬ್ಬರಿ ಕೊಳ್ಳಲು ಬಂದಿದ್ದಾಗ ನಾರು ತೆಗೆಯುವ ಮಿಷನ್ನು ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದ ಎಂದರು. ಮಿಷನ್ನಿಗೆ ಜಾಗ, ನೆನೆಹಾಕಲು ನೀರು ಬೇಕಲ್ಲ, ಕೆರೆಯ ಮೂಲೆ ಗೊತ್ತುಮಾಡಿಕೊಂಡಿದ್ದೀನಿ ಅಂದನಂತೆ. ನನ್ನ ಮುಖ ನೋಡಿ, "ನೀನು ನಿನ್ನ ಕೆಲ್ಸ ಮಾಡಿದೀಯ ತಾನೆ, ಸುಮ್ನಿರು. ಊರು ಜಗಳ ನಿಂಗ್ಯಾಕೆ?" ಎಂದರು.

ಸುಮ್ಮನಿರಬಹುದಾಗಿತ್ತು. ಸೋಮವಾರ ಕಡೂರಿಗೆ ಬಂದಾಗ ಸಾಬರು ಕೇಂದ್ರದ ಗೇಟಿನ ಹೊರಗೆ ಕೂತಿದ್ದರು. ಊರಿನಲ್ಲಿ ಸಭೆ ಸೇರಿಸುತ್ತಾರೆ, ನಿಮ್ಮ ಕಾಗದ ಓದುತ್ತಾರೆ ಎಂದು ಹೇಳಿದರು. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ನೀವು ಹುಡುಕುತ್ತೇನೆ ಎಂದಿದ್ದಿರಲ್ಲ, ಸಿಕ್ಕಿತೇ ಎಂದು ಮಾತ್ರ ಕೇಳಿದರು. ಆ ಗೇಟಿನಲ್ಲಿ ನಿಂತು ನಾನು ತೀರ್ಮಾನ ಮಾಡಿದೆ. ಸಿಕ್ಕಿದೆ, ಸಭೆಗೆ ತಂದು ತೋರಿಸುತ್ತೇನೆ ಎಂದೆ.

ಮೈಕ್ರೋಸ್ಕೋಪನ್ನು ಕೇಂದ್ರದಿಂದ ಹೊರಗೆ ಒಯ್ಯಲು ಅಪ್ಪಣೆ ಕೇಳಲಿಲ್ಲ, ಕೇಳಿದ್ದರೆ ಸಿಗುತ್ತಿರಲಿಲ್ಲ. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಸಭೆ ಶಾಲೆಯ ಅಂಗಳದಲ್ಲಿತ್ತು. ಚೇರ್ಮನ್ನರು ಕುರ್ಚಿಯಲ್ಲಿ, ಸಂಘದ ಅಧ್ಯಕ್ಷರು ಪಕ್ಕದಲ್ಲಿ, ಉಳಿದವರು ನೆಲದ ಮೇಲೆ. ಸಾಬರು ದೂರದಲ್ಲಿ ಕಾಂಪೌಂಡಿನ ಬಳಿ ನಿಂತಿದ್ದರು. ನನ್ನನ್ನು ಕಂಡು ಚೇರ್ಮನ್ನರಿಗೆ ಇರಿಸುಮುರಿಸಾಯಿತು. ಆದರೂ ಮೇಷ್ಟರು ಮೇಜೊಂದನ್ನು ಬಿಸಿಲಿಗೆ ಎಳೆದುಕೊಟ್ಟರು.

ಅಂದು ಬೆಳಗ್ಗೆ ಅದೇ ಕೆರೆಯಲ್ಲಿ ಹಿಡಿದ ಕಾಟ್ಲಾದ ಕಿವಿರು, ನಮ್ಮ ಕೊಳದ ಮರಿಯ ಕಿವಿರು, ಎರಡನ್ನೂ ತಟ್ಟೆಯಲ್ಲಿಟ್ಟು ತೋರಿಸಿದೆ. ಎಲ್ಲರ ಎದುರಿನಲ್ಲೇ ಗಂಟು ಒಡೆದು ಪಟ್ಟಿ ಮಾಡಿ, ಕನ್ನಡಿಯಲ್ಲಿ ಬಿಸಿಲು ಹಿಡಿದೆ. ಒಬ್ಬೊಬ್ಬರೇ ಸಾಲಾಗಿ ಬಂದು ಒಂದು ಕಣ್ಣು ಮುಚ್ಚಿ ನೋಡಿದರು. ನೋಡಲು ಬಾರದವರಿಗೆ ತಲೆ ಹಿಡಿದು ಸರಿಮಾಡಿದೆ. ಸಂಘದ ಅಧ್ಯಕ್ಷರು ಎರಡು ಸಲ ನೋಡಿದರು. ಮೀನು ಸಾಯುತ್ತಿರುವುದು ಇದರಿಂದ, ಇದು ಬಂದದ್ದು ನಮ್ಮ ಕೇಂದ್ರದ ಮರಿಗಳಿಂದ, ಸಿಪ್ಪೆಯ ನೀರಿನಿಂದಲ್ಲ, ಕಾಟ್ಲಾ ಮಾತ್ರ ಸಾಯುತ್ತಿರುವುದನ್ನು ನೀವೇ ನೋಡಿದ್ದೀರಿ ಎಂದು ಹೇಳಿದೆ. ಯಾರೂ ಅಲ್ಲಗಳೆಯಲಿಲ್ಲ. ಹೌದು, ರೋಹು ಸಾಯುತ್ತಿಲ್ಲ ಎಂದು ಬಲೆ ಹಾಕುವವರೇ ಇಬ್ಬರು ಹೇಳಿದರು. ಗೆದ್ದೆ ಎಂದುಕೊಂಡೆ.

ಚೇರ್ಮನ್ನರು ಇದಕ್ಕೆ ಔಷಧಿ ಏನು ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಉಪಾಯ? ಕೆರೆ ಖಾಲಿ ಮಾಡಿ, ಸುಣ್ಣ ಹಾಕಿ, ಒಣಗಿಸಬೇಕು. ಕೂತಿದ್ದವರೆಲ್ಲ ಚೇರ್ಮನ್ನರ ಕಡೆ ತಿರುಗಿದರು. ಆ ಕೆರೆಯ ತೂಬಿನ ಕೆಳಗೆ ಅವರೆಲ್ಲರ ತೆಂಗಿನ ತೋಟಗಳಿದ್ದವು.

"ಅದು ಆಗೋ ಮಾತಲ್ಲ" ಎಂದರು ಚೇರ್ಮನ್ನರು, ಮೆತ್ತಗಿನ ದನಿಯಲ್ಲಿ. "ಮೇಡಂನೋರು ಓದಿದೋರು, ಹೇಳಿದ್ದು ಇರಬೋದು. ಕಣ್ಣಿಗೆ ಕಾಣದೆ ಇರೋದನ್ನ ನಾವೇನ್ ಮಾಡಕಾಯ್ತದೆ? ಸಿಪ್ಪೆ ತೆಗ್ಸೋದು ನಮ್ಮ ಕೈಲಾಗ್ತದೆ. ಅದನ್ನ ಮಾಡಾಣ. ಆಮೇಲೆ ನೋಡಾಣ."

ಸಭೆಗೆ ಅದು ಸರಿಯಾಗಿಯೇ ಕಂಡಿತು. ಏನಾದರೂ ಮಾಡಿದೆವೆಂಬ ಸಮಾಧಾನ ಅವರಿಗೆ ಬೇಕಾಗಿತ್ತು, ಮಾಡಲು ಸುಲಭವಾದದ್ದು ಅದೊಂದೇ ಇತ್ತು. ಸಂಘದ ಅಧ್ಯಕ್ಷರು ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಅರ್ಥವಾಗಿತ್ತು, ಅದನ್ನು ನಾನು ಕಣ್ಣಾರೆ ಕಂಡೆ. ಆದರೆ ರೋಗ ಕೊಟ್ಟ ಕೇಂದ್ರದಿಂದಲೇ ಅವರು ಮುಂದಿನ ವರ್ಷವೂ ಮರಿ ತರಬೇಕು, ಚೇರ್ಮನ್ನರ ಊರಿನಲ್ಲೇ ಬಾಳಬೇಕು. ಬರುವ ಸಂತೆಯೊಳಗೆ ಸಿಪ್ಪೆ ಎತ್ತಬೇಕೆಂದು ಸಾಬರಿಗೆ ಹೇಳಿ ಕಳಿಸಿದರು. ಅವರು ಅಲ್ಲೇ ನಿಂತಿದ್ದರೂ, ಒಬ್ಬ ಎದ್ದು ಹೋಗಿ ಅವರಿಗೆ ಹೇಳಿದ.

ಬಸ್ಸಿಗೆ ಕಾಯುವಾಗ ಸಾಬರು ನನ್ನ ಜೊತೆ ನಿಂತಿದ್ದರು. ಅಮಲ್ದಾರರಿಗೆ ಅರ್ಜಿ ಕೊಡಿ, ನಾನು ಸಾಕ್ಷಿ ಹೇಳುತ್ತೇನೆ ಎಂದೆ.

"ಅಮಲ್ದಾರ್ರು ಜಾಗ ಕೊಡಿಸ್ಬೋದಮ್ಮ" ಎಂದರು. "ಸಿಪ್ಪೆ ಬಡಿಯೋಕೆ ಹೆಂಗಸ್ರು ಇದೇ ಊರಿಂದ ಬರಬೇಕಲ್ಲ. ನಾಳೆಯಿಂದ ಅವರನ್ನ ಯಾರು ಕಳಿಸ್ತಾರೆ?"

ಬಸ್ಸು ಬಂದಾಗ ಮೈಕ್ರೋಸ್ಕೋಪನ್ನು ಅವರೇ ಎತ್ತಿ ಕೊಟ್ಟರು.

ಅಪ್ಪಣೆಯಿಲ್ಲದೆ ಉಪಕರಣ ಹೊರಗೆ ಒಯ್ದದ್ದಕ್ಕೆ ನನ್ನ ಮೇಲೆ ಕ್ರಮವಾಯಿತು. ತರೀಕೆರೆಯ ಕಚೇರಿಗೆ ವರ್ಗ ಮಾಡಿದರು. ಅಲ್ಲಿ ಪ್ರಯೋಗಾಲಯ ಇರಲಿಲ್ಲ. ಮಾರುಕಟ್ಟೆಗೆ ಬಂದ ಮೀನಿನ ತೂಕವನ್ನು ಕೆಳಗಿನಿಂದ ತರಿಸಿ ಮೇಲಕ್ಕೆ ಕಳಿಸುವುದು ನನ್ನ ಕೆಲಸವಾಯಿತು. ನಾನು ಕಡೂರು ಬಿಡುವ ಮೊದಲೇ ಪ್ಲಾಸ್ಟಿಕ್ ಚೀಲಗಳಲ್ಲಿ ನೀರು, ಆಮ್ಲಜನಕ ತುಂಬಿ, ಮರಿಗಳನ್ನು ಲಾರಿಗೆ ಏರಿಸಿದ್ದರು. ಯಾವ ಕೊಳದ್ದು ಎಂದು ನಾನು ಕೇಳಲಿಲ್ಲ. ಎಲ್ಲ ಕೊಳಗಳೂ ಖಾಲಿಯಾಗಿದ್ದವು.

ಮುಂದಿನ ಬೇಸಿಗೆ ಅಜ್ಜಂಪುರದ ಕಡೆಯ ಒಂದು ಕೆರೆಯಲ್ಲಿ ದೊಡ್ಡ ತಲೆಯ ಮೀನುಗಳು ಸಾಯುತ್ತಿವೆ ಎಂದು ಮನೆಗೆ ಹೋದಾಗ ಕೇಳಿದೆ. ಹೋಗಿ ಒಂದರ ಕಿವಿರು ಎತ್ತಿ ನೋಡಿದೆ. ನೋಡಲು ಮೈಕ್ರೋಸ್ಕೋಪು ಬೇಕಾಗಿರಲಿಲ್ಲ. ಕಚೇರಿಗೆ ಬರೆದೆ. ಸಂಬಂಧಪಟ್ಟ ವಿಭಾಗದಿಂದ ವಿಷಯ ಬಂದಿಲ್ಲ ಎಂದರು.

ಮೊದಲಿನ ಹಳ್ಳಿಯ ಸುದ್ದಿ ಮೇಷ್ಟರಿಂದ ತಿಳಿಯುತ್ತಿತ್ತು. ಸಾಬರು ಹೋದ ಮೇಲಿನ ವರ್ಷವೂ ಕಾಟ್ಲಾ ಸತ್ತವು. ಆಮೇಲೆ ಸಂಘದವರು ಕಾಟ್ಲಾ ಬಿಡುವುದನ್ನೇ ನಿಲ್ಲಿಸಿ ಗೆಂಡೆ, ರೋಹು ಬಿಟ್ಟರು. ಇವಕ್ಕೆ ಆ ರೋಗ ಹತ್ತಲಿಲ್ಲ. ಮೀನು ಸಾಯುವುದು ನಿಂತಿತು. ಸಾಬರನ್ನು ಎಬ್ಬಿಸಿದ ಮೇಲೆ ಕೆರೆ ಸುಧಾರಿಸಿತು ಎಂದು ಊರಿನವರು ಹೇಳತೊಡಗಿದರು. ಒಮ್ಮೆ ನಾನೇ ಆ ದಾರಿಯಲ್ಲಿ ಹೋದಾಗ ಏರಿಯ ಮೇಲೆ ನಿಂತು ಒಬ್ಬ ಆ ಮಾತನ್ನು ನನಗೇ ಹೇಳಿದ. ಅವನ ಬೆನ್ನ ಹಿಂದೆ, ಅದೇ ಮೂಲೆಯಲ್ಲಿ ಚೇರ್ಮನ್ನರ ಅಳಿಯನ ನಾರಿನ ಮಿಷನ್ನು ಓಡುತ್ತಿತ್ತು. ಸಾಬರ ಕಾಲಕ್ಕಿಂತ ಹೆಚ್ಚು ಸಿಪ್ಪೆ ನೀರಿನಲ್ಲಿತ್ತು, ವಾಸನೆ ಏರಿಯವರೆಗೂ ಬರುತ್ತಿತ್ತು.

ಎಂಬತ್ತರ ದಶಕದ ನಡುವೆ ಒಂದು ದಿನ ತರೀಕೆರೆಯ ಸಂತೆಯಲ್ಲಿ ಸಾಬರು ಸಿಕ್ಕರು. ಇನ್ನೊಬ್ಬರ ಹಗ್ಗದ ಅಂಗಡಿಯ ಮುಂದೆ ಕೂತು ದನದ ಕಣ್ಣಿ ಹೊಸೆಯುತ್ತಿದ್ದರು. ಗಡ್ಡ ಪೂರ್ತಿ ನೆರೆತಿತ್ತು. ನನ್ನ ಗುರುತು ಅವರಿಗೇ ಮೊದಲು ಹತ್ತಿತು. ಕೂರಲು ಸ್ಟೂಲು ಹಾಕಿಸಿ, ಟೀ ತರಿಸಿದರು. ಕಡೂರಿನ ಮನೆ ಬಿಟ್ಟದ್ದು, ಮಗಳನ್ನು ಬೀರೂರಿಗೆ ಕೊಟ್ಟದ್ದು, ಎಲ್ಲ ಹೇಳಿದರು. ಹೇಳುವಾಗಲೂ ಕೈ ಹೊಸೆಯುತ್ತಲೇ ಇತ್ತು. ಹಳ್ಳಿಯವರ ಮೇಲೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಎದ್ದು ಹೊರಟಾಗ ತಡೆದರು. ಅಂಗಡಿಯವರಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಕೇಳಿದರು:

"ಒಂದು ಮಾತು ನಿಜ ಹೇಳಿ ಮೇಡಂ. ಈಗ ಯಾರಿಗೂ ಏನೂ ಆಗಬೇಕಾಗಿಲ್ಲ. ನನ್ನ ನೀರಿಂದ ಒಂಚೂರಾದ್ರೂ ಸತ್ತಿದ್ವಾ ಮೀನು?"

ಇಲ್ಲ ಎಂದೆ. ಒಂದೂ ಇಲ್ಲ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಅವರ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿದ್ದರು.

"ಆಯ್ತಮ್ಮ" ಎಂದರು. "ನೀವು ಯಾವಾಗ್ಲೂ ನನ್ನ ಪರ" ಎಂದು ನಕ್ಕು, ಕಣ್ಣಿಯ ಎಳೆಗಳನ್ನು ಮತ್ತೆ ಕೈಗೆ ತೆಗೆದುಕೊಂಡರು.